ನಲವತ್ತಕ್ಕೆ ಮರಳುವ ಕತ್ತೆ

ಶೆಡ್ಡಿನಲ್ಲಿ ನಾಲ್ಕು ಕಾಲಿನ ಹನ್ನೆರಡು ಯಂತ್ರಗಳಿದ್ದವು. ಸೈನಿಕರ ಹೊರೆ ಹೊರುವುದು, ಗಾಯಗೊಂಡವರನ್ನು ಹಲಗೆಯ ಮೇಲೆ ಎಳೆದು ತರುವುದು ಅವುಗಳ ಕೆಲಸ. ನಡೆಸಲು ಯಾರೂ ಬೇಡ, ದಾರಿಯನ್ನು ತಾವೇ ಹುಡುಕಿಕೊಳ್ಳುತ್ತವೆ. ಸೈನಿಕರು ಅವನ್ನು ಕತ್ತೆ ಎನ್ನುತ್ತಿದ್ದರು. ರಿಪೇರಿ ಮಾಡುವ ಮೇಸ್ತ್ರಿಯನ್ನು, ಅವನೆದುರಿಗೇ, ಕತ್ತೆಗಳ ಅಪ್ಪ ಎನ್ನುತ್ತಿದ್ದರು.

ಹೋದ ತಿಂಗಳು ಒಂದು ಕತ್ತೆ ಚಾರ್ಜ್ ಮುಗಿದು ಶತ್ರುವಿನ ಕಡೆ ಬಿದ್ದುಕೊಂಡಿತ್ತು. ಸೈನಿಕ ಸತ್ತರೆ ಮನೆಗೊಂದು ಕಾಗದ ಹೋಗುತ್ತದೆ, ಯಂತ್ರ ಹೋದರೆ ವಿಚಾರಣೆ. ಮೂರು ದಿನ ನಿಲ್ಲಿಸಿಕೊಂಡು ಮೇಸ್ತ್ರಿಯ ಬೆಂಡೆತ್ತಿದರು. ಬಿಸಿ ಹಾಲಿಗೆ ಬಾಯಿ ಸುಟ್ಟುಕೊಂಡವನು ಮಜ್ಜಿಗೆಯನ್ನೂ ಊದಿ ಕುಡಿದನಂತೆ. ಚಾರ್ಜ್ ನೂರರಲ್ಲಿ ಇಪ್ಪತ್ತಕ್ಕಿಳಿದರೆ ಹೊರೆ ಕಳಚಿ ಶೆಡ್ಡಿಗೆ ಮರಳಬೇಕೆಂಬ ಮಿತಿಯನ್ನು ಅವನು ಏಳನೆಯ ಕತ್ತೆಗೆ ನಲವತ್ತು ಮಾಡಿದ. ಅದು ಅವನ ಭಾವನ ತುಕಡಿಯ ಜೊತೆ ಹೋಗುವ ಕತ್ತೆ. ಅದನ್ನು ಚೆನ್ನಾಗಿ ನೋಡಿಕೋ ಎಂದು ಅಕ್ಕ ವಾರವಾರವೂ ಹೇಳುತ್ತಿದ್ದಳು.

ಇವತ್ತು ಮಧ್ಯಾಹ್ನ ಏಳನೆಯದು ಒಂಟಿಯಾಗಿ ಬಂತು. ಹಿಂದೆ ಹಲಗೆಯಿಲ್ಲ, ಕೊಂಡಿ ಬಿಚ್ಚಿಕೊಂಡಿತ್ತು. ಮೇಸ್ತ್ರಿ ನಿಯಮದಂತೆ ಅದರ ಕ್ಯಾಮೆರಾದಲ್ಲಿ ದಾಖಲಾದದ್ದನ್ನು ತೆರೆದು ನೋಡಿದ.

ಹಲಗೆಯ ಮೇಲೆ ಭಾವ. ತೊಡೆಗೆ ಗುಂಡು ಬಿದ್ದಿದ್ದರೂ ಬಾಯಿ ಸುಮ್ಮನಿರಲಿಲ್ಲ.

"ನಡಿಯೋ ಕತ್ತೆ, ನಮ್ಮ ಭಾಮೈದ ಸಾಕಿರೋದು ನಿನ್ನ. ಬದುಕಿ ಬಂದ್ರೆ ನಿಂಗೇ ಹಾರ ಹಾಕ್ತೀನಿ."

ಪರದೆಯ ಮೂಲೆಯಲ್ಲಿದ್ದ ನಲವತ್ತೊಂದು ನಲವತ್ತಾಯಿತು. ಕೊಂಡಿ ಟಕ್ಕೆಂದು ಬಿಚ್ಚಿತು.

"ಯಾಕೋ, ಸುಸ್ತಾಯ್ತಾ?" ಭಾವ ನಕ್ಕ. ಕತ್ತೆ ನಡೆದೇ ಹೋಯಿತು. "ಏಯ್! ನಾನಿಲ್ಲೇ ಇದ್ದೀನಿ ಕಣೋ! ಬಾರೋ... ಬಾರಪ್ಪಾ, ನಿನ್ನ ಕಾಲಿಗೆ ಬೀಳ್ತೀನಿ!"

ಅವನು ಮೊಣಕೈ ಊರಿ ತೆವಳುತ್ತ, ದೂರದೂರವಾಗುತ್ತ, ಕಣ್ಮರೆಯಾದ.

ಮೇಸ್ತ್ರಿ ಯಂತ್ರದ ಬೆನ್ನಿನ ಮೇಲಿನ ಅಂಕಿ ನೋಡಿದ. ಇನ್ನೂ ಮೂವತ್ತೆರಡಿತ್ತು. ಹಲಗೆ ಎಳೆದುಕೊಂಡೇ ಬಂದಿದ್ದರೂ ಇಪ್ಪತ್ತಕ್ಕಿಳಿಯುತ್ತಿರಲಿಲ್ಲ.

ಅಷ್ಟರಲ್ಲಿ ಸಾಹೇಬರು ಬಂದರು.

"ಹಲಗೆ ಮೇಲಿದ್ದವನ ಹೆಣ ಸಿಕ್ತು, ಪಾಪ. ಆದ್ರೆ ಯಂತ್ರಕ್ಕೆ ಒಂದು ಗೀರೂ ಆಗಿಲ್ಲ! ನಲವತ್ತಕ್ಕೆ ಇಟ್ಟಿದ್ದೀಯಾ? ಭೇಷ್! ಉಳಿದ ಹನ್ನೊಂದಕ್ಕೂ ಅಷ್ಟೇ ಇಡು."

ಸತ್ತವನು ನಮ್ಮ ಭಾವ ಎನ್ನಲು ಮೇಸ್ತ್ರಿ ಬಾಯಿ ತೆರೆದ. ಆ ಮೂರು ದಿನ ನೆನಪಾಯಿತು.

"ಆಗ್ಲಿ ಸಾರ್."

ಮಾಡಿದ್ದುಣ್ಣೋ ಮಹಾರಾಯ ಎನ್ನುತ್ತಾರೆ. ಸುಳ್ಳು. ಮಾಡಿದವನು ನೆರಳಿನಲ್ಲಿ ಶಭಾಷ್‌ಗಿರಿ ಪಡೆದ, ಉಂಡವನು ಬಿಸಿಲಲ್ಲಿ ಸತ್ತ.

ಎಂಟನೆಯ ಕತ್ತೆಯ ಮುಚ್ಚಳ ತೆಗೆಯುತ್ತಿದ್ದಾಗ ಅಕ್ಕನ ಫೋನ್ ಬಂತು.

"ಬೆಳಗ್ಗೆಯಿಂದ ನಿಮ್ಮ ಭಾವನ ಸುದ್ದೀನೇ ಇಲ್ಲ ಕಣೋ. ಆ ಏಳನೇದು ವಾಪಸ್ ಬಂತಾ?"

"ಬಂತಕ್ಕಾ."

"ಸರಿಯಾಗಿದ್ಯಾ?"

"ಒಂದು ಗೀರೂ ಆಗಿಲ್ಲ."

"ಅಬ್ಬಾ, ಹೋದ ಜೀವ ಬಂತು! ಅದು ಬಂತು ಅಂದ್ರೆ ಅವರೂ ಬಂದ್ರು ಅಂತ್ಲೇ. ನಿನ್ನ ಕೈಗೆ ಚಿನ್ನದ ಬಳೆ ಹಾಕ್ಬೇಕು ಕಣೋ!"

ಅಕ್ಕ ನಗುತ್ತಲೇ ಇದ್ದಳು. ಮೇಸ್ತ್ರಿ ಎಂಟನೆಯದಕ್ಕೆ ನಲವತ್ತು ಒತ್ತಿದ.