ಸೇತುವೆ ಪಕ್ಕದ ಮನೆ

ಆ ಊರಿನಲ್ಲಿ ನನಗೆ ಮೊದಲು ಕಂಡದ್ದು ಕೆಂಪು ಶಾಲುಗಳು. ಬಸ್ಸು ಕೊನೆಯ ತಿರುವು ದಾಟಿದ ಕೂಡಲೇ ಹಿಮದ ಬೆಟ್ಟದ ಮಗ್ಗುಲಲ್ಲಿ ಒಂದರ ಮೇಲೊಂದು ಕೂತಂತಿದ್ದ ಮನೆಗಳು ಕಾಣಿಸಿದವು. ಅವುಗಳ ಜಗಲಿಯಂಚಿನ ಮರದ ಕಟಾಂಜನದ ಮೇಲೆ ಶಾಲುಗಳು ಸಾಲಾಗಿ ಒಣಗುತ್ತಿದ್ದವು. ಬಿಸಿನೀರಿನ ಬುಗ್ಗೆಯಲ್ಲಿ ಮಿಂದು ಬಂದ ರೋಗಿಗಳಿಗೆ ಹೊದಿಸುವ ಉಣ್ಣೆಯ ಶಾಲುಗಳು ಅವು. ರೋಗಿಯ ಜೊತೆಗೆ ಬಂದವರಿಗೆ ಶಾಲು ಕೊಡುವ ಪದ್ಧತಿ ಅಲ್ಲಿಲ್ಲ.

"ಎಷ್ಟು ಚೆಂದ ಇದೆ ನೋಡೇ," ಎಂದಳು ವಾರಿಜಕ್ಕ. ಚೆಂದ ನೋಡುವ ತ್ರಾಣ ನನ್ನಲ್ಲಿರಲಿಲ್ಲ. ಮೂರು ದಿನದ ಪ್ರಯಾಣದಲ್ಲಿ ಅವಳನ್ನು ಹತ್ತಿಸಿ ಇಳಿಸಿ ನನ್ನ ತೋಳುಗಳು ಬಿದ್ದುಹೋಗಿದ್ದವು.

ಅಕ್ಕ ನನಗಿಂತ ಹದಿನಾಲ್ಕು ವರ್ಷ ದೊಡ್ಡವಳು. ಅಮ್ಮ ತೀರಿಕೊಂಡಾಗ ನನಗೆ ಎರಡು ವರ್ಷ. ನನ್ನನ್ನು ಸೊಂಟದ ಮೇಲೆ ಹೊತ್ತು ಬೆಳೆಸಿದವಳು ಅವಳೇ. ಅದೇ ಸೊಂಟ ನಾಲ್ಕು ವರ್ಷದ ಹಿಂದೆ ಬಚ್ಚಲಲ್ಲಿ ಜಾರಿ ಬಿದ್ದು ಮುರಿದಿತ್ತು. ಆಮೇಲೆ ಅವಳನ್ನು ಏಳಿಸುವುದು, ಕೂರಿಸುವುದು, ಮೀಯಿಸುವುದು ಎಲ್ಲ ನನ್ನ ಪಾಲಿಗೆ ಬಂತು. ಮನೆಯಲ್ಲಿ ನಮ್ಮಿಬ್ಬರನ್ನು ಬಿಟ್ಟು ಬೇರೆ ಯಾರೂ ಇರಲಿಲ್ಲ. ನೆಂಟರು ಬಂದು, ಪುಣ್ಯದ ಕೆಲಸ ಮಾಡ್ತಿದ್ದೀಯಮ್ಮ ಎಂದು ಹೊಗಳಿ, ಕಾಫಿ ಕುಡಿದು ಹೋಗುತ್ತಿದ್ದರು. ಒಂದು ದಿನ ಅವಳನ್ನು ಎತ್ತುವಾಗ, ಕೈ ಬಿಟ್ಟುಬಿಡೋಣ ಅನ್ನಿಸಿತು. ಬಿಡಲಿಲ್ಲ. ಆದರೆ ಅನ್ನಿಸಿದ್ದು ನಿಜ, ಮತ್ತು ಅದರಿಂದ ನನಗೆ ಭಯವಾಯಿತು.

ಬುಗ್ಗೆಯ ಊರಿನ ಮನೆಗಳು ರೋಗಿಗಳನ್ನು ತಿಂಗಳುಗಟ್ಟಲೆ ಇಟ್ಟುಕೊಂಡು ನೋಡಿಕೊಳ್ಳುತ್ತವೆ ಎಂದು ಯಾರೋ ಹೇಳಿದ್ದರು. ಇಬ್ಬರೂ ಹೋಗಿ ಸ್ವಲ್ಪ ದಿನ ಇದ್ದು ಬರೋಣ ಎಂದು ಅಕ್ಕನಿಗೆ ಹೇಳಿದೆ. ನಿಜವಾಗಿ ನಾನು ಹುಡುಕಲು ಹೊರಟಿದ್ದು ಒಬ್ಬಳಿಗೆ ಮನೆ. ಅವಳನ್ನು ಅಲ್ಲಿ ಬಿಟ್ಟು ಒಬ್ಬಳೇ ಮರಳುವುದೆಂದು ನಿಶ್ಚಯಿಸಿಯಾಗಿತ್ತು. ಅದನ್ನು ಅವಳಿಗೆ ಹೇಗೆ ಹೇಳುವುದೆಂದು ಮಾತ್ರ ತಿಳಿದಿರಲಿಲ್ಲ.

ಬಸ್ಸಿನಿಂದ ಇಳಿದಾಗ ಡೋಲಿ ಹೊರುವವರು ಸುತ್ತುವರಿದರು. ಅವರಲ್ಲೊಬ್ಬ ನಮ್ಮ ಮಾತು ಕೇಳಿ ಕಣ್ಣರಳಿಸಿದ. ರಾಚಪ್ಪ ಅಂತ ಹೆಸರು. ಯಾವುದೋ ಕಾಲದಲ್ಲಿ ಕೀಲುನೋವಿಗೆಂದು ಬಂದು, ವಾಸಿಯಾಗಿ, ಅಲ್ಲೇ ನಿಂತುಬಿಟ್ಟಿದ್ದ. ಅಕ್ಕನನ್ನು ಡೋಲಿಯಲ್ಲಿ ಕೂರಿಸಿ ಏರು ಹತ್ತುತ್ತಾ ಅವನು ಊರಿನ ರೀತಿ ವಿವರಿಸಿದ.

"ಇಲ್ಲಿ ರೋಗಿ ಮೊದಲ ಮ್ಯಾಲಿನ ಮನ್ಯಾಗ ಇಳೀಬೇಕ್ರಿ ಅವ್ವಾರ, ಬುಗ್ಗಿ ಹಂತ್ಯಾಕ. ಕಾಲಾಗ ಶಕ್ತಿ ಬಂದಂಗ ಒಂದೊಂದ ಮನಿ ಕೆಳಗ ಬರೋದು. ಸೇತುವಿ ಬಾಜೂಕಿನ ಮನಿಗೆ ಬಂದ್ರಂದ್ರ, ಊರಿಗೆ ಹೊಂಟ್ರು ಅಂತ ತಿಳೀಬೇಕು."

ಮೇಲಿನ ಮನೆ ಬೆಚ್ಚಗಿತ್ತು. ಬುಗ್ಗೆಯ ಆವಿ ಕಿಟಕಿಯಿಂದಲೇ ಒಳಗೆ ಬರುತ್ತಿತ್ತು. ನಾನು ಇದೇ ಆಗಲಿ ಎಂದುಕೊಳ್ಳುವಷ್ಟರಲ್ಲಿ ಅಕ್ಕ ರಾಚಪ್ಪನ ಮೂಲಕ ಮನೆಯವರನ್ನು ಕೇಳಿದಳು: "ಬೆಳಿಗ್ಗೆ ಎಬ್ಬಿಸಿ ಕೂರಿಸೋಕೆ ಯಾರು ಬರ್ತಾರೆ?"

"ನಾನಿಲ್ವೇನೇ?" ಎಂದೆ. ಕಳ್ಳನ ಮನಸ್ಸು ಹುಳ್ಳಹುಳ್ಳಗೆ ಅನ್ನುತ್ತಾರಲ್ಲ, ಹಾಗೆ ನನ್ನ ದನಿ ಬೇಕಾದ್ದಕ್ಕಿಂತ ಜೋರಾಗಿತ್ತು.

"ಇದ್ದೀಯಮ್ಮ, ಸುಮ್ನೆ ಕೇಳ್ದೆ," ಎಂದಳು. ಆಮೇಲೆ ಕಿಟಕಿ ನೋಡಿ ತಲೆಯಾಡಿಸಿದಳು. "ಬೇಡ. ಇಲ್ಲಿ ಆವಿ ಬಿಟ್ಟು ಬೇರೇನೂ ಕಾಣಲ್ಲ."

ಎರಡನೆಯ ಮನೆಯಲ್ಲಿ ಕೋಣೆಯ ಮಂಚದ ಮೇಲೆ ಕೂತು, ಎಲ್ಲರನ್ನೂ ಆಚೆ ಕಳಿಸಿ, ಒಳಗಿನಿಂದ "ಯಾರಾದ್ರೂ ಇದ್ದೀರಾ?" ಎಂದು ಕೂಗಿದಳು. ಅಡುಗೆಮನೆಯಿಂದ ಯಾರೂ ಬರಲಿಲ್ಲ. ಅದೂ ಬೇಡವಾಯಿತು. ಮೂರನೆಯದರಲ್ಲಿ, ಊಟಕ್ಕೆ ಎಲ್ಲರೂ ಒಟ್ಟಿಗೆ ಕೂರುತ್ತಾರೋ ಅಥವಾ ತಟ್ಟೆಯನ್ನು ಕೋಣೆಗೆ ತಂದಿಟ್ಟು ಹೋಗುತ್ತಾರೋ ಎಂದು ವಿಚಾರಿಸಿದಳು. ಕೋಣೆಗೇ ತರುತ್ತೇವೆ ಎಂದು ಅವರು ಹೆಮ್ಮೆಯಿಂದ ಹೇಳಿದರು. ಅಕ್ಕ ಹೊರಡೋಣ ಎಂದು ಸನ್ನೆ ಮಾಡಿದಳು.

ನನ್ನ ತಾಳ್ಮೆ ತಪ್ಪಿತು. "ಅರಮನೆ ಬೇಕಿತ್ತೇನೇ ನಿನಗೆ? ಎಲ್ಲಿ ಹೋದ್ರೂ ಒಂದು ಹುಳುಕು ತೆಗೀತೀಯ. ನನ್ನ ಕಾಲಲ್ಲೂ ಶಕ್ತಿ ಇಲ್ಲ, ಗೊತ್ತಾ?"

"ಗೊತ್ತು ಕಣೇ," ಎಂದಳು. ಡೋಲಿಯವನ ಕಡೆ ತಿರುಗಿ, "ರಾಚಪ್ಪ, ಆ ಸೇತುವೆ ಹತ್ತಿರದ ಮನೆ ನೋಡೋಣ," ಎಂದಳು.

"ಅದು ಬುಗ್ಗಿಗೆ ಭಾಳ ದೂರ ಆಕ್ಕೈತ್ರಿ ಅವ್ವಾರ. ಅಲ್ಲಿ ನಡ್ಯಾವ್ರು ಇರ್ತಾರ."

"ಇರಲಿ, ನಡಿ."

ಇಳಿಜಾರಿನಲ್ಲಿ ಡೋಲಿಯ ಹಿಂದೆ ನಾನು ಕಾಲೆಳೆದುಕೊಂಡು ಬಂದೆ. ಸೇತುವೆ ಪಕ್ಕದ ಮನೆಯ ಯಜಮಾನಿ ಎತ್ತರದ ಹೆಂಗಸು. ಬಾಗಿಲಿಗೆ ಬಂದು, ನಮ್ಮಿಬ್ಬರನ್ನೂ ನೋಡಿ, ಒಳಗಿನಿಂದ ಕೆಂಪು ಶಾಲೊಂದನ್ನು ತಂದಳು. ತಂದವಳು ಅದನ್ನು ನನ್ನ ಭುಜಕ್ಕೆ ಹೊದಿಸಲು ಬಂದಳು.

ರಾಚಪ್ಪ ಗಾಬರಿಯಾಗಿ, ರೋಗಿ ನಾನಲ್ಲವೆಂದು ಅವರ ಭಾಷೆಯಲ್ಲಿ ಹೇಳಹೊರಟ. ಅಕ್ಕ ಡೋಲಿಯಿಂದಲೇ ಕೈಯೆತ್ತಿ ತಡೆದಳು. "ಸರಿಯಾಗೇ ಮಾಡಿದ್ದಾಳೆ, ಬಿಡು. ಅವಳಿಗೇ ಹೊದಿಸಲಿ."

ನನಗೆ ನಗಬೇಕೋ ಸಿಟ್ಟಾಗಬೇಕೋ ತಿಳಿಯದೆ ಮೆಟ್ಟಿಲ ಮೇಲೆ ಕೂತುಬಿಟ್ಟೆ. ಶಾಲು ಬೆಚ್ಚಗಿತ್ತು. ಅಕ್ಕನನ್ನು ಯಜಮಾನಿಯೊಬ್ಬಳೇ ಎತ್ತಿ ತಂದು, ನನ್ನ ಪಕ್ಕದ ಬೆಂಚಿನ ಮೇಲೆ ಕೂರಿಸಿದಳು. ಒಳಗೆ ಉದ್ದನೆಯ ಮಣೆಗಳ ಮೇಲೆ ಜನ ಸಾಲಾಗಿ ಕೂತು ಉಣ್ಣುತ್ತಿದ್ದರು.

"ಇದೇ ಇರಲಿ," ಎಂದಳು ಅಕ್ಕ. "ಈಕೆ ತೋಳು ಗಟ್ಟಿಯಾಗಿದೆ. ನೀನು ಯಾವತ್ತು ಹೊರಡ್ತೀಯಾ?"

"ಯಾರು ಹೇಳಿದ್ರು ನಿಂಗೆ?"

"ನೀನು ಪೆಟ್ಟಿಗೆ ಕಟ್ಟೋವಾಗ ನಾನು ಮಂಚದ ಮೇಲೇ ಇದ್ನಲ್ಲ. ನಿನ್ನದಕ್ಕೆ ಎರಡು ಸೀರೆ ಹಾಕ್ಕೊಂಡೆ. ನನ್ನದಕ್ಕೆ ಕಾಲುಚೀಲ, ಕಂಬಳಿ, ಹಬ್ಬದ ಸೀರೆ ಸಹ ತುಂಬಿದೆ."

ಮನೆ ಮನೆಯಲ್ಲೂ ಅವಳು ಕೇಳಿದ ಪ್ರಶ್ನೆಗಳು ಆಗ ಒಂದೊಂದಾಗಿ ನನಗೆ ಅರ್ಥವಾದವು. ನಾನು ಅವಳಿಗೆ ತಿಳಿಯದಂತೆ ಹುಡುಕುತ್ತಿದ್ದ ಮನೆಯನ್ನು, ನನಗೆ ತಿಳಿಯದಂತೆ ಅವಳೂ ಹುಡುಕುತ್ತಿದ್ದಳು. ಅತ್ತುಬಿಟ್ಟೆ. ನಾಚಿಕೆಯಿಂದ ಅತ್ತದ್ದಕ್ಕಿಂತ ದಣಿವಿನಿಂದ ಅತ್ತದ್ದೇ ಹೆಚ್ಚು.

"ಹಾಗಿದ್ರೆ ಮೇಲಿನ ಮನೇಲೇ ಇರು," ಎಂದೆ ಕೊನೆಗೆ. "ಬುಗ್ಗೆ ಹತ್ತಿರ ಇದ್ರೆ ಬೇಗ ವಾಸಿಯಾಗುತ್ತಂತೆ."

"ಅಲ್ಲಿಂದ ಬಸ್ಸಿನ ದಾರಿ ಕಾಣಲ್ಲ ಕಣೇ," ಎಂದಳು. "ಇಲ್ಲಿಂದ ಕಾಣುತ್ತೆ. ಹೋಗು, ಮಲಕ್ಕೋ. ಹೊದ್ದಿದ್ದನ್ನ ತೆಗೀಬೇಡ."

ಮರುದಿನ ಮಧ್ಯಾಹ್ನದವರೆಗೆ ನಿದ್ದೆ ಮಾಡಿದೆ. ಯಾರೂ ನನ್ನನ್ನು ಎಬ್ಬಿಸಲಿಲ್ಲ. ಮೂರನೆಯ ದಿನ ಹೊರಟೆ. ಬಸ್ಸಿನಲ್ಲಿ ಎರಡು ಕಡೆಯೂ ಸೀಟುಗಳು ಖಾಲಿ ಇದ್ದವು. ಮನೆ ಕಾಣುವ ಕಡೆ ಬಿಟ್ಟು ಹೊಳೆಯ ಕಡೆ ಕೂತೆ. ತಿರುಗಿ ನೋಡಲಿಲ್ಲ. ನೋಡಿದ್ದರೆ ಇಳಿದುಬಿಡುತ್ತಿದ್ದೆನೋ ಏನೋ, ಆದರೆ ಇಳಿಯುವ ಶಕ್ತಿ ನನ್ನಲ್ಲಿರಲಿಲ್ಲ.

ಊರಿಗೆ ಬಂದ ಮೇಲೆ ಹಗುರವಾಗುತ್ತದೆ ಎಂದುಕೊಂಡಿದ್ದೆ. ಆಯಿತು ಕೂಡ, ಅದನ್ನು ಮುಚ್ಚಿಟ್ಟು ಪ್ರಯೋಜನವಿಲ್ಲ. ಹಾಗಿದ್ದರೂ ಅವಳನ್ನು ಎಬ್ಬಿಸುವ ಹೊತ್ತಿಗೆ ಸರಿಯಾಗಿ ದಿನವೂ ಎಚ್ಚರವಾಗುತ್ತಿತ್ತು. ಎದ್ದು ಕೂತು, ಕೈಗಳನ್ನು ಮಡಿಲಲ್ಲಿಟ್ಟುಕೊಂಡು, ಬೆಳಗಾಗುವುದನ್ನು ನೋಡುತ್ತಿದ್ದೆ.

ಐದು ತಿಂಗಳ ನಂತರ, ಹಿಮ ಕರಗಿ ದಾರಿ ತೆರೆದ ಮೇಲೆ, ಅವಳನ್ನು ಕರೆತರಲು ಹೋದೆ. ಈ ಸಲ ಪೆಟ್ಟಿಗೆಯಲ್ಲಿ, ಅವಳ ಜೊತೆ ಅಲ್ಲೇ ನಿಲ್ಲಬೇಕಾಗಿ ಬಂದರೆ ಎಂದು, ನನಗೂ ಬೇಕಾದಷ್ಟು ಸೀರೆಗಳಿದ್ದವು. ಮನೆ ಕಾಣುವ ಕಡೆಯ ಕಿಟಕಿಯ ಪಕ್ಕ ಕೂತೆ. ಬಸ್ಸು ಕೊನೆಯ ತಿರುವು ದಾಟಿತು. ಸೇತುವೆ ಪಕ್ಕದ ಮನೆಯ ಕಟಾಂಜನದ ಮೇಲೆ ಒಂದೇ ಒಂದು ಕೆಂಪು ಶಾಲು ಹರಡಿತ್ತು. ಅದರ ಹಿಂದೆ ಅಕ್ಕ ಕಟಾಂಜನ ಹಿಡಿದು ನಿಂತಿದ್ದಳು. ತಾನೇ ನಿಂತಿದ್ದಳೋ, ಹಿಂದಿನಿಂದ ಯಾರಾದರೂ ಹಿಡಿದುಕೊಂಡಿದ್ದರೋ, ಅಷ್ಟು ದೂರಕ್ಕೆ ತಿಳಿಯಲಿಲ್ಲ.