ಗೋಡೆಯ ಬಲಮೂಲೆ

ಶ್ರೀರಂಗಪಟ್ಟಣದ ಬಸ್ ಸ್ಟ್ಯಾಂಡಿನ ಹಿಂದೆ ಫೋಟೋ ಸ್ಟುಡಿಯೋ ಇಟ್ಟಿದ್ದ ಸಿದ್ದರಾಜುವಿಗೆ ಮದುವೆ ಎಂದರೆ ಮೈಯೆಲ್ಲ ಉರಿ. ಹೊಟ್ಟೆಪಾಡಿಗೆ ಅದೇ ಬೇಕು, ಆ ಮಾತು ಬೇರೆ. ಸುತ್ತಿನ ನಾಲ್ಕು ತಾಲ್ಲೂಕಿನಲ್ಲಿ ಎಲ್ಲಿ ಓಲಗ ಊದಿದರೂ ಕ್ಯಾಮೆರಾ ಹೆಗಲಿಗೇರಿಸಿ ಹೋಗುತ್ತಿದ್ದ. ಬೆವರು ಸುರಿಸುವ ಗಂಡು, ನೆಲ ನೋಡುವ ಹೆಣ್ಣು, ಪಟದಲ್ಲಿ ಬೀಳಲೆಂದೇ ಮೂರು ಸಲ ಅಕ್ಷತೆ ಹಾಕುವ ಸೋದರಮಾವ, ಎಲ್ಲರನ್ನೂ ಹಿಡಿದುಹಾಕುತ್ತಿದ್ದ. ಆದರೆ ಮೂವತ್ತಾರು ಪಟದ ರೀಲಿನಲ್ಲಿ ಕೊನೆಯ ಎರಡು ಮೂರನ್ನು ಮಾತ್ರ ಯಾವ ಬೀಗರು ಬೇಡಿಕೊಂಡರೂ ಕೊಡುತ್ತಿರಲಿಲ್ಲ. ಅವು ಗೋಡೆಗಳ ಪಾಲು.

ಬರುವ ದಾರಿಯಲ್ಲಿ ಬರೆದ ಗೋಡೆ ಕಂಡರೆ ಬಸ್ಸು ಇಳಿದೇಬಿಡುತ್ತಿದ್ದ. ಬೀಡಿ, ಸಿನಿಮಾ, ಗೊಬ್ಬರ, ಓಟು, ಯಾವನೋ ಇದ್ದಿಲಿನಲ್ಲಿ ಗೀಚಿದ ಪ್ರೇಮ, ಅದರ ಕೆಳಗೇ ಹುಡುಗಿಯ ಅಣ್ಣ ಗೀಚಿದ ಬೈಗುಳ, ಎಲ್ಲವೂ ಬೇಕು. ಹನ್ನೆರಡು ವರ್ಷ ಹೀಗೆ ಹಿಡಿದು, ನೆಗೆಟಿವ್‌ಗಳನ್ನೆಲ್ಲ ಒಂದು ಟ್ರಂಕಿನಲ್ಲಿ ಜೋಪಾನ ಮಾಡಿದ್ದ. ಊರವರು ‘ಗ್ವಾಡೆ ಸಿದ್ದ’ ಅಂತ ಹೆಸರಿಟ್ಟಿದ್ದರು. “ಗ್ವಾಡೆಗೇ ತಾಳಿ ಕಟ್ಬುಡಿ, ನಂಗೂ ಒಸಿ ನೆಮ್ಮದಿ” ಎನ್ನುತ್ತಿದ್ದಳು ಹೆಂಡತಿ ಪುಟ್ಟಲಕ್ಷ್ಮಮ್ಮ. ಅವನಿಗಿದ್ದ ಆಸೆ ಒಂದೇ. ಸುಣ್ಣ ಬಿದ್ದರೆ ಇಲ್ಲವಾಗುವ ಈ ಬರಹಗಳನ್ನು ಎಂದಾದರೂ ಯಾರಾದರೂ ಬೇಕು ಅಂತ ಕೇಳಿಕೊಂಡು ಬರಬೇಕು.

ಅವುಗಳಲ್ಲಿ ಹೆಚ್ಚಿನವು ಚಿನಕುರಳಿಯ ಚೌಡಯ್ಯ ಬರೆದವು. ಸಿದ್ದರಾಜುವಿನ ಓರಗೆಯವನು, ಬಹುಕಾಲದ ಗೆಳೆಯ. ಅರಕೆರೆಯ ನಾಲೆ ಪಕ್ಕದ ಮನೆಯ ಗೋಡೆಗೆ ಹಿಂಡಿ ಕಂಪನಿಯವರಿಗಾಗಿ ಎರಡು ಎತ್ತು ಬರೆದಿದ್ದ; ಹಿಂಡಿ ತಿಂದು ಕೊಬ್ಬಿದ್ದು ಒಂದು, ತಿನ್ನದೆ ಬಡಕಲಾದದ್ದು ಇನ್ನೊಂದು. ಬಡಕಲು ಎತ್ತಿನ ಪಕ್ಕೆಲುಬಿಗೆ ಆ ಮನೆಯ ಕಿಟಕಿಯ ಸರಳುಗಳನ್ನೇ ಬಳಸಿಕೊಂಡಿದ್ದ! ಮುಗಿಸಿದ ಮೇಲೆ ಬಲಮೂಲೆಯಲ್ಲಿ ಸಣ್ಣಗೆ ‘ಚೌಡಯ್ಯ, ಚಿನಕುರಳಿ’ ಅಂತ ಹಾಕುತ್ತಿದ್ದ. ಅದನ್ನು ಯಾವನೂ ಓದುತ್ತಿರಲಿಲ್ಲ. ಸಿದ್ದರಾಜು ಮಾತ್ರ ಎಷ್ಟು ಬೇಕಾದರೂ ಹಿಂದೆ ಸರಿದು, ಒಮ್ಮೆ ನಾಗಮಂಗಲದಲ್ಲಿ ಚರಂಡಿಗೇ ಇಳಿದು, ಆ ಮೂಲೆ ಪಟದಲ್ಲಿ ಬರುವಂತೆ ನೋಡಿಕೊಳ್ಳುತ್ತಿದ್ದ. ಬರೆದವನ ಹೆಸರು ಬಿಟ್ಟು ಬರಹ ಹಿಡಿಯುವುದು ಕಳ್ಳತನ ಅನ್ನುವುದು ಅವನ ನಂಬಿಕೆ.

ತೊಂಬತ್ತನಾಲ್ಕರ ಚುನಾವಣೆ ಬಂತು. ಗೋಡೆಯ ಮೇಲೆ ಓಟಿನ ಬರಹ ಕೂಡದು, ಇದ್ದುದನ್ನು ಅಳಿಸಿ ಎಂದು ಮೇಲಿನಿಂದ ಆರ್ಡರಾಯಿತು. ಆ ಸೀಮೆಯ ಒಂದು ಕಚೇರಿಯವರು, ಯಾವುದೆಂದು ಹೇಳಿ ನಿಷ್ಠುರ ಕಟ್ಟಿಕೊಳ್ಳುವುದೇಕೆ, ಎರಡೇ ದಿನದಲ್ಲಿ ಕಂಡ ಕಂಡ ಗೋಡೆಗೆಲ್ಲ ಸುಣ್ಣ ಹೊಡೆಸಿದರು. ಓಟಿನದು ಯಾವುದು, ಬೀಡಿಯದು ಯಾವುದು ಅಂತ ನೋಡುವ ತಾಳ್ಮೆ ಯಾರಿಗಿತ್ತು! ‘ಇಲ್ಲಿ ಮೂತ್ರ ಮಾಡಬಾರದು’ ಎಂಬುದೂ ಅಳಿಸಿಹೋಗಿ, ಜನ ಅದನ್ನೇ ಅಪ್ಪಣೆ ಎಂದುಕೊಂಡರು. ಅಷ್ಟರಲ್ಲಿ ಮೇಲಿನಿಂದ ಇನ್ನೊಂದು ಕಾಗದ: ಅಳಿಸುವ ಮೊದಲಿನ ಪಟ, ಅಳಿಸಿದ ಮೇಲಿನ ಪಟ, ಎರಡನ್ನೂ ಕಳಿಸಿ. ಬಿಳಿ ಗೋಡೆಗೇನು, ಬೇಕಾದಷ್ಟಿದ್ದವು. ಮೊದಲಿನ ಪಟ ಎಲ್ಲಿಂದ ತರುವುದು? ಕೆಟ್ಟ ಮೇಲೆ ಬುದ್ಧಿ ಬಂತು, ಅಟ್ಟ ಮೇಲೆ ಒಲೆ ಉರಿಯಿತು.

ಆಗ ಕಚೇರಿಯ ಗುಮಾಸ್ತ ಕುಮಾರ್ ಸ್ಟುಡಿಯೋ ಹುಡುಕಿಕೊಂಡು ಬಂದ.

“ಸಿದ್ದರಾಜಣ್ಣ, ನನ್ ಮದ್ವೆ ಪಟ ತೆಗ್ದೋರೂ ನೀವೆಯಾ. ನಿಮ್ದು ಬರೀ ಕಸುಬಲ್ಲ ಕಣಣ್ಣ, ಕಲೆ. ನಿಮ್ ಗೋಡೆ ಪಟಗಳು ಸರ್ಕಾರದ ರೆಕಾರ್ಡಿಗೆ ಬೇಕಾಗವೆ. ಒಂದ್ ಸತಿ ಸೇರಿದ್ರೆ ಶಾಶ್ವತ.”

ಮದುವೆ ಪಟಕ್ಕೆ ಬರುತ್ತಿದ್ದ ಹೊಗಳಿಕೆಯನ್ನೆಲ್ಲ ಮೂಗಿನ ತುದಿಯಲ್ಲೇ ತಳ್ಳುತ್ತಿದ್ದ ಸಿದ್ದರಾಜು ಈ ಗುಮಾಸ್ತನ ಮಾತಿಗೆ ಬೆಣ್ಣೆಯಂತೆ ಕರಗಿದ. ಕೊನೆಗೂ ಒಬ್ಬ ಬೇಕು ಅಂತ ಬಂದನಲ್ಲ! ಟ್ರಂಕು ಸೋಸಿ, ಬಲು ಚೆಂದದ ನಲವತ್ತು, ಎಲ್ಲವೂ ಚೌಡಯ್ಯನವೇ, ಆರಿಸಿ ಪ್ರಿಂಟು ಹಾಕಿ ಕೊಟ್ಟ. ಪಟಗಳ ಹಿಂದೆ ಊರು, ವರ್ಷ ಬರೆಯಲು ಹೋದಾಗ ಕುಮಾರ್ ಅವನ ಪೆನ್ನು ಹಿಡಿದು ತಡೆದ.

“ನೀವ್ಯಾಕ್ ತೊಂದ್ರೆ ತಗತೀರಿ, ತಾರೀಕೆಲ್ಲ ನಾವೇ ಆಕ್ಕತೀವಿ.”

“ಇದ್ರಲ್ಲಿ ನಾಗಮಂಗಲದ್ದೂ ಅವೆ, ಕೆ.ಆರ್. ಪ್ಯಾಟೆದೂ ಅವೆ. ನಿಮ್ ತಾಲ್ಲೂಕಿಗೆ ಸೇರಾಕಿಲ್ವಲ್ಲ?”

“ಗೋಡೆ ಯಾವೂರ್ದಾದ್ರೇನಣ್ಣ? ಸುಣ್ಣ ಬಳಿದ್ ಮ್ಯಾಲೆ ಎಲ್ಲ ಒಂದೆಯಾ.”

ಅಲ್ಲೇ ಎಚ್ಚರವಾಗಬೇಕಿತ್ತು. ಆಗಲಿಲ್ಲ. ಅಂದು ಮನೆಗೆ ಮೈಸೂರುಪಾಕು ತಂದು, ನಿನ್ನ ಗಂಡನ ಗೋಡೆ ಸರ್ಕಾರ ಸೇರಿತು ಅಂತ ಹೆಂಡತಿಯ ಮುಂದೆ ಮೀಸೆ ತಿರುವಿದ.

ಹದಿನೈದು ದಿನಕ್ಕೆ ಚೌಡಯ್ಯ ಬಂದು ಸ್ಟುಡಿಯೋದ ಬೆಂಚಿನ ಮೇಲೆ ಒಂದು ನೋಟೀಸು ಎಸೆದ. ಚುನಾವಣೆಯ ಕಾಲದಲ್ಲಿ ನಲವತ್ತು ಗೋಡೆ ಕೆಡಿಸಿದ ಅಪರಾಧ, ಕೋರ್ಟಿಗೆ ಬರತಕ್ಕದ್ದು. ಜೊತೆಗೆ ಪಟಗಳ ಜೆರಾಕ್ಸು. ಏಳನೆಯದು ಅರಕೆರೆಯ ಎತ್ತು. ಅದನ್ನು ಪಕ್ಷೇತರ ಅಭ್ಯರ್ಥಿಯ ಗುರುತು ಎಂದು ಬರೆದಿದ್ದರು. ಗೋಡೆಯ ತುಂಬ ಹೆಸರಿದ್ದ ದೊಡ್ಡ ಮನುಷ್ಯರು ‘ಯಾರು ಬರೆದರೋ ನಮಗೆ ತಿಳಿಯದು’ ಎಂದು ಕೈ ತೊಳೆದುಕೊಂಡಿದ್ದರು. ಅವರಲ್ಲೊಬ್ಬ ಸತ್ತೇ ಐದು ವರ್ಷವಾಗಿತ್ತು. ವಿಳಾಸ ಸಮೇತ ಸಿಕ್ಕಿಬಿದ್ದವನು ಚೌಡಯ್ಯ ಒಬ್ಬನೇ.

“ಇಪ್ಪತ್ ವರ್ಸ ಎಸ್ರು ಬರ್ದೆ, ಯಾವನೂ ಓದ್ನಿಲ್ಲ. ಈಗ ಓದವ್ರೆ ನೋಡ್ಲಾ” ಎಂದ ಚೌಡಯ್ಯ. “ಇವು ನಿನ್ ಪಟಗಳೇ ತಾನೆ?”

ಸಿದ್ದರಾಜುವಿಗೆ ಭೂಮಿ ಬಾಯಿ ಬಿಡಬಾರದೇ ಅನ್ನಿಸಿತು. ಪುಣ್ಯಕ್ಕೆ ಅಂತ ಚರಂಡಿಗಿಳಿದು ಹಿಡಿದ ಹೆಸರು ಗೆಳೆಯನ ಕೊರಳಿಗೇ ಉರುಳಾಗಿತ್ತು. ಟ್ರಂಕಿನಿಂದ ಆ ನಲವತ್ತು ಪಟಗಳ ನೆಗೆಟಿವ್ ಪಟ್ಟಿಗಳನ್ನು ತೆಗೆದು ಕವರಿಗೆ ತುಂಬಿಕೊಂಡು ನೇರ ಕಚೇರಿಗೆ ಹೋದ.

“ಪಟದ ಇಂದೆ ತಾರೀಕು ಬಿದ್ದದೆ, ಸೀಲು ಬಿದ್ದದೆ” ಎಂದ ಕುಮಾರ್, ತಲೆ ಎತ್ತದೆ. “ಇನ್ನೇನೂ ಮಾಡಾಕಾಗಕಿಲ್ಲ.”

ಸಿದ್ದರಾಜು ಒಂದು ಪಟ್ಟಿಯನ್ನು ಕಿಟಕಿಯ ಬೆಳಕಿಗೆ ಹಿಡಿದ. “ಇದು ಎತ್ತು. ಅದರ ಪಕ್ಕದ್ ಪಟ ನೋಡಪ್ಪ, ಯಾರು ಅಂತ.”

ಕುಮಾರ್ ಬಗ್ಗಿ ನೋಡಿದ. ತಲೆಗೂದಲು ಬೆಳ್ಳಗೆ, ಹಲ್ಲು ಕಪ್ಪಗೆ, ಹಾರ ಹಾಕಿಕೊಂಡು ನಿಂತವನು ತಾನೇ. ಪಕ್ಕದಲ್ಲಿ ಹೆಂಡತಿ ಹೇಮ. ಹಿಂದಿನ ಪರದೆಗೆ ಚುಚ್ಚಿದ ಥರ್ಮಾಕೋಲ್ ಅಕ್ಷರದಲ್ಲಿ ಇಬ್ಬರ ಹೆಸರು, ಮದುವೆಯ ತಾರೀಕು, ೧೯೮೭.

“ಒಂದೇ ರೀಲು. ನಿನ್ ಮದ್ವೆ ದಿನ್ಕಾಗ್ಲೇ ಈ ಎತ್ತು ಗ್ವಾಡೆ ಮ್ಯಾಲಿತ್ತು” ಎಂದ ಸಿದ್ದರಾಜು. “ಮೊನ್ನೆ ಬರ್ದಿದ್ದು ಅಂತ ಅದೆಂಗ್ ಸೀಲು ಒತ್ತಿದ್ರಿ? ನಲವತ್ತರ ಪಕ್ಕದಲ್ಲೂ ಒಂದೊಂದು ಮದ್ವೆ ಅದೆ.”

ಕುಮಾರನ ಮುಖ ಬಿಳಿಚಿತು. ಆದರೆ ಕಚೇರಿಯ ಅನ್ನ ತಿಂದವನು, ಗಳಿಗೆಯಲ್ಲಿ ಸುಧಾರಿಸಿಕೊಂಡ.

“ಮೇಲಿನೋರ್ಗೆ ತೋರಿಸ್ರಿ, ನನ್ ಕೆಲ್ಸ ಓಯ್ತದೆ, ನಿಜ. ಆದ್ರೆ ಅದು ತೀರ್ಮಾನ ಆಗೋಗಂಟ ಚೌಡಯ್ಯ ಎಷ್ಟ್ ವರ್ಸ ಕೋರ್ಟು ಅಲೀಬೇಕು? ಈ ಕವರು ಇಲ್ಲೇ ಬುಟ್ಟೋಗ್ರಿ. ಸಂಜೆಗೆ ನೋಟೀಸು ವಾಪಸ್ಸು.”

ಹನ್ನೆರಡು ವರ್ಷದ ಕೆನೆ ಆ ಕವರಿನಲ್ಲಿತ್ತು. ಗೋಡೆಗಳ ಮೇಲಂತೂ ಆಗಲೇ ಸುಣ್ಣ. ಸಿದ್ದರಾಜು ಕವರನ್ನು ಮೇಜಿನ ಮೇಲಿಟ್ಟು, “ಥೂ, ನಿಮ್ ಜನ್ಮಕ್ಕೆ” ಅಂದ. ಕುಮಾರ್ ಅದನ್ನು ಕಚೇರಿಯ ಹಿಂದೆ ಕಸದ ಗುಡ್ಡೆಗೆ ಸುರಿದು, ಸೀಮೆಎಣ್ಣೆ ಹಾಕಿ ತಾನೇ ಕಡ್ಡಿ ಗೀರಿದ. ತನ್ನ ಮದುವೆಯೂ ಅದರಲ್ಲೇ ಉರಿಯುತ್ತಿದೆ ಎಂಬುದು ಆ ಮಹಾನುಭಾವನಿಗೆ ಹೊಳೆಯಲೂ ಇಲ್ಲ. ನೋಟೀಸು ಮಾತ್ರ ಹೇಳಿದಂತೆ ಅಂದೇ ವಾಪಸಾಯಿತು.

ಚುನಾವಣೆ ಮುಗಿದು ಎರಡು ತಿಂಗಳಿಗೆ ಸಿದ್ದರಾಜು ಕೆ.ಆರ್. ಪೇಟೆ ಕಡೆಯ ಮದುವೆ ಮುಗಿಸಿ ಬರುವಾಗ ಅದೇ ಕಚೇರಿಯ ಕಾಂಪೌಂಡಿನ ಹತ್ತಿರ ಚೌಡಯ್ಯ ಕಂಡ. ಕಚೇರಿಯವರೇ ಕರೆಸಿ ಬರೆಸುತ್ತಿದ್ದರು. ಆಳೆತ್ತರದ ಕೆಂಪು ಅಕ್ಷರ: ‘ಗೋಡೆಗಳ ಮೇಲೆ ಬರೆಯುವುದು ಶಿಕ್ಷಾರ್ಹ ಅಪರಾಧ’. ನಾಚಿಕೆ ಬಿಟ್ಟವರು ಊರಿಗೇ ದೊಡ್ಡವರು. ಆದರೂ ಅಕ್ಷರಗಳೇನೋ ಮುತ್ತು ಪೋಣಿಸಿದ ಹಾಗಿದ್ದವು.

ರೀಲಿನಲ್ಲಿ ಒಂದು ಪಟ ಉಳಿದಿತ್ತು. ಸಿದ್ದರಾಜು ಕ್ಯಾಮೆರಾ ತೆಗೆದು, ಹಿಂದೆ ಹಿಂದೆ ಸರಿದು, ಬಲಮೂಲೆ ಬರುವ ತನಕ ಸರಿದು ನಿಂತ. ಮೂಲೆ ಖಾಲಿಯಿತ್ತು. ಹಾಕುತ್ತಾನೇನೋ ಅಂತ ಕಾದ. ಚೌಡಯ್ಯ ಬ್ರಷ್ಷನ್ನು ಸೀಮೆಎಣ್ಣೆಯಲ್ಲಿ ಅದ್ದಿ ತೊಳೆಯತೊಡಗಿದ.

“ಎಸ್ರು ಆಕ್ಲಾ ಚೌಡ.”

ಚೌಡಯ್ಯ ತಿರುಗಿ ಅವನ ಕೈಯಲ್ಲಿದ್ದ ಕ್ಯಾಮೆರಾ ನೋಡಿದ. ಮುಖದಲ್ಲಿ ಸಿಟ್ಟೇನೂ ಇರಲಿಲ್ಲ.

“ಬ್ಯಾಡ ಕಣ್ಲಾ” ಎಂದ. “ನೀನು ಪಟ ತೆಗಿತೀಯ.”