ಉಣ್ಣಿಸಿದವರ ನಾಯಿ

"ನಾಯಿ ಕಚ್ಚಿದ್ದಕ್ಕೆ ಹಸ ಕೇಳ್ತಾವ್ಳಲ್ರಪ್ಪಾ ಈ ಮುಂಡೆ! ನಾಳೆ ಸೊಳ್ಳೆ ಕಚ್ಚಿದ್ರೆ ನನ್ ಲಾರೀನೇ ಕೇಳ್ತಾಳೆ!"

ಮೊತ್ಸುಮಿ ಧಣಿ ಹೀಗೆಂದದ್ದೇ ತಡ, ಕುರ್ಚಿಗಳ ಮೇಲಿದ್ದವರೆಲ್ಲ ನಕ್ಕರು. ದಿಮ್ಮಿಗಳನ್ನು ಅರ್ಧಚಂದ್ರದಂತೆ ನೆಟ್ಟ ನ್ಯಾಯದಂಗಳ ನಮ್ಮೂರ ಕೋಟ್ಲಾ. ಅಲ್ಲಿಗೆ ಕುರ್ಚಿಯನ್ನು ಅವರವರೇ ಮನೆಯಿಂದ ತರಬೇಕು. ದನ ಕಾಯುವ ಬಸಾರ್ವಾ ಜನ ನಾವು. ನಮಗೆ ಕುರ್ಚಿಯಿಲ್ಲ, ಮರಳ ಮೇಲೆ ಕೂತಿದ್ದೆವು.

ನನ್ನ ಚಿಕ್ಕಮ್ಮನ ಮಗಳು ಚುಕೋ ನಡುವೆ ನಿಂತಿದ್ದಳು. ಬಲಗೈಗೆ ಬಟ್ಟೆ ಸುತ್ತಿತ್ತು. ಹುಚ್ಚುನಾಯಿ ರೋಗದ ಸೂಜಿ ಚುಚ್ಚಿದ ನರ್ಸಮ್ಮ, ಬೆರಳುಗಳು ಇನ್ನು ಮಡಚುವುದಿಲ್ಲ ಎಂದಿದ್ದಳು. ಹಾಲು ಕರೆಯಲಾರದವಳನ್ನು ಧಣಿ ತನ್ನ ದನದ ಹಟ್ಟಿಯಲ್ಲಿ ಇಟ್ಟುಕೊಳ್ಳುವುದಿಲ್ಲ. ಅದಕ್ಕೇ ಅವಳು ಕರುವಿರುವ ಒಂದು ಹಸುವನ್ನು ಪರಿಹಾರವಾಗಿ ಕೇಳಿದ್ದು. ಕರೆದುಕೊಡಲು ನಾನಿದ್ದೇನೆ ಎಂದು ಹೇಳಿದ್ದೆ.

"ಏನಾಯ್ತು ಹೇಳಮ್ಮೀ," ಎಂದ ಊರ ಮುಖ್ಯಸ್ಥ ಕೋಸಿ. ಅವನು ಹೇಳಿದ್ದನ್ನೆಲ್ಲ ಹಿಂದಿನವರಿಗೂ ಕೇಳುವಂತೆ ಕೂಗಿ ಹೇಳುವ ಕೆಲಸ ಮುದುಕ ಓಡಿರಿಲೆಯದು.

"ಏನಾಯ್ತು ಹೇಳಮ್ಮೀ!" ಎಂದು ಓಡಿರಿಲೆ ಕೂಗಿದ. ಕೂಗುತ್ತಲೇ ತನ್ನ ಕೋಟು ಬಿಚ್ಚಿ, ಮಡಚಿ, ಚುಕೋಳ ಗಾಯದ ಕೈಗೆ ಆಸರೆಯಾಗಿ ಕೊಟ್ಟ. ಕುರ್ಚಿಗಳ ಮೇಲಿದ್ದವರು ಯಾರೂ ಅದನ್ನು ಗಮನಿಸಲಿಲ್ಲ.

"ಗಡಿಗೆ ತಳದಾಗ್ ಉಳ್ದಿದ್ ಹಾಲು ಕುಡೀತಿದ್ದೆ. ಧಣಿ ಬಂದ್ರು. ನಾಯೀಗೆ 'ಹಿಡೀ' ಅಂದ್ರು. ಅದು ನನ್ ಮೊಖ ನೋಡ್ತು, ಅವ್ರ ಮೊಖ ನೋಡ್ತು. ತಿರ್ಗಾ 'ಹಿಡಿಯೋ ಬೇವರ್ಸಿ' ಅಂದ್ರು. ಆಗ ಹಿಡೀತು. ಆಮೇಲೆ ಅತ್ತುಬಿಡ್ತು."

"ಯಾರು ಅತ್ತಿದ್ದು?"

"ನಾಯಿ."

ಮತ್ತೆ ನಗೆ. ಮೊತ್ಸುಮಿ ಎದ್ದ. "ಕೋಸೀ, ನಾಯೀನೂ ನಂದು, ಇವ್ಳೂ ನಂದು. ಇವ್ಳಪ್ಪನೂ ನಮ್ಮಪ್ಪಂದೇ ಆಗಿದ್ದ. ನನ್ ಹೋರಿ ನನ್ ಹಸೂಗೆ ಹಾಯ್ದ್ರೆ ನಾನ್ ಯಾರಿಗಪ್ಪಾ ದಂಡ ಕಟ್ಲಿ?"

ಕುರ್ಚಿಗಳು ಹೌದು ಹೌದು ಎಂದವು. ಕೋಸಿ ಮಾತ್ರ ಕೆಮ್ಮಿದ. "ಹಂಗನ್ಬ್ಯಾಡ ಮೊತ್ಸುಮೀ. ಮನ್ಸ ಇನ್ನೊಬ್ ಮನ್ಸನ ಸ್ವತ್ತಲ್ಲ ಅಂತ ಕಾನೂನೈತೆ. ಸರ್ಕಾರದೋರ ಕಿವಿಗ್ ಬಿದ್ರೆ ನನ್ ಸಂಬಳಕ್ಕೇ ಕುತ್ತು."

ಮೊತ್ಸುಮಿ ಒಂದು ಗಳಿಗೆ ತಲೆ ಕೆರೆದುಕೊಂಡ. "ಸರಿ ಬಿಡಿ. ಹಂಗಾರೆ ಇವ್ಳು ನಂದಲ್ಲ. ನಾಯೀನೂ ನಂದಲ್ಲ."

"ನಾಯಿ ಯಾರ್ದು ಮತ್ತೆ?"

"ಯಾರ್ ಕೂಳ್ ಹಾಕ್ತಾರೋ ಅವ್ರದು. ನಾನು ತಿಂಗ್ಳಿಗೊಂದ್ಸಲ ಹಟ್ಟೀಗ್ ಹೋಗೋನು. ಮರಿಯಿಂದ ಅಂಬ್ಲಿ ಕುಡ್ಸಿ ಸಾಕಿದ್ದು ಇವ್ಳೇ. ಕೇಳಿ ಬೇಕಾದ್ರೆ."

"ಹೌದಾ?"

"ಹೌದು," ಎಂದಳು ಚುಕೋ. ಸುಳ್ಳು ಹೇಳುವುದು ಅವಳಿಗೆ ಬಾರದು. "ನನ್ ಪಾಲಿನ ಅಂಬ್ಲೀಲೇ ಸಾಕ್ದೆ."

ಗಂಡಸರು ಖುಷಿಯಿಂದ ಕುರ್ಚಿಗಳನ್ನು ಮುಂದಕ್ಕೆಳೆದುಕೊಂಡರು. ಇಂಥ ತಕರಾರು ದಿನಾ ಸಿಗುವುದಿಲ್ಲ. ನಾಯಿಯನ್ನೇ ಕೇಳಿಬಿಡೋಣ ಎಂದಿತು ಒಂದು ಕುರ್ಚಿ. ಲಾರಿಯ ನೆರಳಲ್ಲಿ ಮಲಗಿದ್ದ ಅದನ್ನು ಕರೆತಂದು ಅಂಗಳದ ನಡುವೆ ಬಿಟ್ಟರು.

ನಮ್ಮ ಕಡೆ ನಾಯಿಗೆ ಹೆಸರಿಡುವುದು ಅಕ್ಕಪಕ್ಕದವರಿಗೆ ಚುಚ್ಚಲೆಂದು. ಆಳುಗಳು ಕೂಲಿ ಕೇಳಿದ ವರ್ಷ ಹುಟ್ಟಿದ ಮರಿಗೆ ಮೊತ್ಸುಮಿ 'ಸುಮ್ನಿರು' ಎಂದು ಹೆಸರಿಟ್ಟಿದ್ದ.

"ಮೊದ್ಲು ನೀನ್ ಕರಿ," ಎಂದ ಕೋಸಿ.

"ಸುಮ್ನಿರು! ಲೋ ಸುಮ್ನಿರು!" ಎಂದು ಮೊತ್ಸುಮಿ ಕರೆದ, ಬರದಿರಲಿ ಎಂಬಂತೆ ಕೈಯನ್ನು ಬೆನ್ನ ಹಿಂದೆ ಇಟ್ಟುಕೊಂಡು. ಮಾತಾಡುತ್ತಿದ್ದ ಹೆಂಗಸರು ತಮಗೇ ಹೇಳಿದ್ದೆಂದು ಬಾಯಿ ಮುಚ್ಚಿಕೊಂಡರು. ನಾಯಿ ಅಲುಗಲಿಲ್ಲ.

ಚುಕೋ ಕರೆಯಲೇ ಇಲ್ಲ. ಅದು ತಾನಾಗಿ ಬಂದು, ಬಟ್ಟೆ ಸುತ್ತಿದ ಕೈಯನ್ನು ಮೂಸಿ, ಅವಳ ಪಾದದ ಮೇಲೆ ಗದ್ದವಿಟ್ಟು ಮಲಗಿತು. ಅವಳು ಎಡಗೈಯಿಂದ ಅದರ ಕಿವಿಗೆ ಕಚ್ಚಿದ್ದ ಉಣ್ಣಿ ಕಿತ್ತಳು. ಅಭ್ಯಾಸ.

"ಮುಗೀತು," ಎಂದ ಕೋಸಿ. "ಉಣ್ಣಿಸಿದೋರದ್ದೇ ಪ್ರಾಣಿ. ನಾಯಿ ಇವ್ಳದೇ. ಇವ್ಳ ನಾಯಿ ಇವ್ಳನ್ನೇ ಕಚ್ಚಿದ್ರೆ ಪರಿಹಾರ ಎಲ್ಲಿಂದ ಬತ್ತದೆ? ಹಗ್ಗ ಕಟ್ದೆ ತನ್ ನಾಯೀನ ಕೋಟ್ಲಾ ಒಳಿಕ್ ಬಿಟ್ಟಿದ್ದಕ್ಕೆ ಒಂದ್ ಕೋಳಿ ದಂಡ."

ಚುಕೋ ಹೋಗಲಿಲ್ಲ, ಕೋಸಿಯ ಕಡೆ ತಿರುಗಿದಳು. "ಅಪ್ಪಾ, ಅದ್ನ ಇನ್ನೊಂದ್ಸಲ ಹೇಳ್ತೀರಾ?"

"ಒಂದ್ ಕೋಳಿ."

"ಅದಲ್ಲ. ಅದಕ್ ಮುಂಚೆ ಹೇಳಿದ್ದು."

"ಉಣ್ಣಿಸಿದೋರದ್ದೇ ಪ್ರಾಣಿ," ಎಂದ ಕೋಸಿ. ತನ್ನ ಮಾತು ತನಗೇ ಹಿಡಿಸಿದಂತಿತ್ತು.

"ಉಣ್ಣಿಸಿದೋರದ್ದೇ ಪ್ರಾಣಿ!" ಎಂದು ಓಡಿರಿಲೆ ಕೂಗಿದ. ಅವನ ಕೂಗು ನೀರಿನ ಟ್ಯಾಂಕಿನವರೆಗೂ ಹೋಯಿತು. ಕೋಟ್ಲಾದಲ್ಲಿ ಕೂಗಿದ ಮಾತು ಊರಿಗೆಲ್ಲ ಕಟ್ಟಳೆ.

ನಾವು ಹೊರಗೆ ಬಂದು ಕೂತಾಗ ಮೊತ್ಸುಮಿಯ ಹೆಂಡತಿ ಗಬೈಪೋನೆ, ತನ್ನ ಬುಟ್ಟಿಯಿಂದ ಬಿದ್ದುಹೋಯಿತೇನೋ ಎಂಬಂತೆ, ಎರಡು ಕರಿದ ಬೋಂಡಗಳ ಪೊಟ್ಟಣವನ್ನು ಚುಕೋಳ ಮಡಿಲಿಗೆ ಬೀಳಿಸಿ ಹಿಂತಿರುಗಿ ನೋಡದೆ ಹೋದಳು. ಚುಕೋ ಒಂದನ್ನು ನನಗೆ ಕೊಟ್ಟಳು, ಇನ್ನೊಂದರಲ್ಲಿ ಅರ್ಧವನ್ನು ನಾಯಿಗೆ.

"ನಾಳೆ ನಿನ್ ಕೋಲು ತಗೊಂಡ್ ಬಾ ಅಕ್ಕಾ," ಎಂದಳು.

ಮರುದಿನ ಬೆಳಿಗ್ಗೆ ಯಾವುದೋ ಬೇಲಿ ತಕರಾರಿಗೆಂದು ಕೋಟ್ಲಾ ಸೇರಿತ್ತು. ಅಲ್ಲಿದ್ದವರಿಗೆ ಮೊದಲು ಧೂಳು ಕಂಡಿತಂತೆ. ಆಮೇಲೆ ಚುಕೋಳ ಸಿಳ್ಳೆ. ಹಟ್ಟಿಯ ಮುಳ್ಳುಬೇಲಿಯನ್ನು ನಾವಿಬ್ಬರೇ ಎಳೆದು ತೆಗೆದಿದ್ದೆವು. ಬಾವಿಯಿಂದ ನೀರು ಸೇದಿ, ಕರು ಹಾಕಿಸಿ, ಕತ್ತೆಕಿರುಬವನ್ನು ಓಡಿಸಿ ಅವಳು ಸಾಕಿದ ದನಗಳೆಲ್ಲ, ಬಿಳಿ ಹೋರಿಯೂ ಸೇರಿ, ಅವಳ ಹಿಂದೆ ನಡೆದು ಕೋಟ್ಲಾದೊಳಕ್ಕೆ ಬಂದವು. ಹಿಂದಿನಿಂದ ಸುಮ್ನಿರು ಬೊಗಳುತ್ತ ದಾರಿ ತಪ್ಪಿದವನ್ನು ಸರಿಮಾಡುತ್ತಿತ್ತು. ಕುರ್ಚಿಗಳು ಬಿದ್ದವು. ಮೊತ್ಸುಮಿಯ ಕುರ್ಚಿಯ ಮೇಲೆ ಒಂದು ಕಡಸು ನಿಧಾನವಾಗಿ ಸಗಣಿ ಹಾಕಿತು.

"ಕಳ್ಳ ಮುಂಡೇರಾ! ನನ್ ದನ ಕಣ್ರೇ!"

"ಕರೀರಿ ಧಣೀ," ಎಂದಳು ಚುಕೋ.

ಮೊತ್ಸುಮಿ ಬಾಯಿ ತೆರೆದ. ಹೆಸರು ಒಂದೂ ಹೊರಡಲಿಲ್ಲ. "ಹೋಯ್! ಬಿಳೀದೇ! ಏಯ್ ಕೊಂಬಿಂದೇ!" ಬಿಳಿ ಹೋರಿ ಅವನ ಹುಲ್ಲಿನ ಟೋಪಿಯನ್ನು ಮೂಸಿ ಮುಖ ತಿರುಗಿಸಿತು. ನಾಯಿ ಬೊಗಳುವುದು ಜಾಸ್ತಿಯಾಯಿತು.

"ಸುಮ್ನಿರು!" ಎಂದು ಮೊತ್ಸುಮಿ ಅರಚಿದ.

ಅದು ಸುಮ್ಮನಾಗಲಿಲ್ಲ. ನಾವೂ ಸುಮ್ಮನಾಗಲಿಲ್ಲ. ಮರಳ ಮೇಲೆ ಕೂತಿದ್ದ ಬೇರೆ ಬೇರೆ ಹಟ್ಟಿಗಳ ಆಳುಗಳು ಒಬ್ಬೊಬ್ಬರಾಗಿ ಎದ್ದು, ಮೈಯ ಧೂಳು ಕೊಡವಿಕೊಂಡು, ತಮ್ಮ ತಮ್ಮ ಕೋಲುಗಳನ್ನು ಹುಡುಕತೊಡಗಿದ್ದರು.

ಚುಕೋ ದನಗಳ ನಡುವೆ ಕೂತಳು. ಕರುವಿರುವ ಕೆಂದ ಹಸುವೊಂದು ಅವಳ ಕೈಗೆ ಸುತ್ತಿದ ಬಟ್ಟೆಯ ಉಪ್ಪನ್ನು ನೆಕ್ಕುತ್ತಿತ್ತು. ಕೋಸಿ ನೆಲ ನೋಡುತ್ತಿದ್ದ. ಅವನು ಏನು ಹೇಳಿದರೂ ಕೂಗಿ ಹೇಳಲೆಂದು ಓಡಿರಿಲೆ ಎದೆ ತುಂಬ ಉಸಿರೆಳೆದುಕೊಂಡು, ಕಾಯುತ್ತ ನಿಂತಿದ್ದ.